ಪೊರಕೆ, ಯಂತ್ರ, ಸೂಜಿ: ಪರೀಕ್ಷೆಯ ನಂತರದ ಕಾಯಕ



ಮಾರ್ಚ್–ಏಪ್ರಿಲ್ ತಿಂಗಳ ಪರೀಕ್ಷೆಗಳು ಮುಗಿದವೆಂದರೆ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಮನೆಗಳಲ್ಲಿ ಒಂದು ಬಗೆಯ ನಿರಾಳ ನೆಲೆಸುತ್ತದೆ. ತಿಂಗಳುಗಟ್ಟಲೆ ಪುಸ್ತಕದ ಮೇಲೆ ಬಾಗಿದ್ದ ತಲೆಗಳು ಮೇಲೇಳುತ್ತವೆ. ಕೈಗಳು ಬೇರೊಂದು ಕೆಲಸವನ್ನು ಅರಸುತ್ತವೆ. ವ್ಯಾಕ್ಯೂಮ್ ಕ್ಲೀನರ್ ಹೊಸದಾಗಿ ಬಂದಿರುವ ಮನೆಯಲ್ಲಿ ಮಕ್ಕಳು ಅದನ್ನು ನಡೆಸುವ ಉತ್ಸಾಹದಿಂದ ಕೋಣೆಯಿಂದ ಕೋಣೆಗೆ ಸಾಗುತ್ತಾರೆ. ಬಿಸಿಲೇರಿದ ಮೇಲೆ ಒಳಗೆ ಕುಳಿತು ಸೂಜಿ ದಾರ ಹಿಡಿದು ಹೂವಿನ ಕಸೂತಿ ಹಾಕುತ್ತಾರೆ. ಸೀರೆಯ ಸೆರಗಿಗೆ ಕುಚ್ಚು ಕಟ್ಟುತ್ತಾರೆ. ಇದೆಲ್ಲ ಹೊತ್ತು ಕಳೆಯುವ ಆಟವೆನ್ನುವವರುಂಟು. ಇಷ್ಟು ಓದಿದ ಮಗು ಕಸ ಹೊಡೆಯಬೇಕೇ ಎಂದು ಕೇಳುವವರೂ ಉಂಟು. ಶರಣರ ದೃಷ್ಟಿಯಿಂದ ನೋಡಿದರೆ ಈ ಎರಡು ಮಾತುಗಳೂ ನಿಲ್ಲುವುದಿಲ್ಲ.

12ನೆಯ ಶತಮಾನದ ಶರಣೆ ಸತ್ಯಕ್ಕನವರ ಕಾಯಕ ಶಿವಭಕ್ತರ ಮನೆಯಂಗಳವನ್ನು ಗುಡಿಸುವುದು. ಪೊರಕೆ ಹಿಡಿದ ಆ ಕೈಯೇ ಶಂಭುಜಕ್ಕೇಶ್ವರ ಎಂಬ ಅಂಕಿತದಲ್ಲಿ ವಚನಗಳನ್ನೂ ಕೊಟ್ಟಿತು. ಸೂಜಿಕಾಯಕದ ರಾಮಿತಂದೆ, ಕದಿರ ರೆಮ್ಮವ್ವೆ ಮುಂತಾದವರ ಹೆಸರಿನೊಂದಿಗೆ ಅವರ ಕಾಯಕವೂ ಸೇರಿಕೊಂಡು ಇಂದಿಗೂ ಉಳಿದಿದೆ. ಸೂಜಿಯಾಗಲಿ ಕದಿರಾಗಲಿ ಅವರಿಗೆ ಮರೆಮಾಚಬೇಕಾದ ವಸ್ತುವಾಗಿರಲಿಲ್ಲ. ಅದೇ ಅವರ ಗುರುತು, ಅದೇ ಗೌರವ. ಆಯ್ದಕ್ಕಿ ಮಾರಯ್ಯನವರು ಕೈಲಾಸದ ಸ್ಥಾನವನ್ನೇ ಕಾಯಕಕ್ಕೆ ಕೊಟ್ಟಾಗ ಇದು ಮೇಲು, ಇದು ಕೀಳು ಎಂಬ ಪಟ್ಟಿಯನ್ನೇನೂ ಅದರ ಜೊತೆಗಿಡಲಿಲ್ಲ.

ಈ ಸೀಮೆಯಲ್ಲಿ ಗುಡಿಸುವುದು ಸಣ್ಣ ಕೆಲಸವೂ ಅಲ್ಲ. ಚಳ್ಳಕೆರೆಯು ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲೊಂದು. ಬೇಸಿಗೆಯ ಗಾಳಿಗೂ ಆಷಾಢದ ಗಾಳಿಗೂ ಧೂಳು ಮನೆಯೊಳಗೆ ನುಗ್ಗುತ್ತದೆ. ಬೆಳಗ್ಗೆ ಗುಡಿಸಿದ ನೆಲ ಸಂಜೆಗೆ ಮತ್ತೆ ಮಾಸುತ್ತದೆ. ನೀರಿನ ಕೊರತೆಯಿರುವ ದಿನಗಳಲ್ಲಿ ಪದೇ ಪದೇ ಒರೆಸುವುದೂ ಕಷ್ಟ. 1901ರಲ್ಲಿ ಇಂಗ್ಲೆಂಡಿನ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಎಂಜಿನಿಯರು ರೂಪಿಸಿದ ಧೂಳು ಹೀರುವ ಯಂತ್ರವನ್ನು ಕುದುರೆ ಬಂಡಿಯ ಮೇಲೆ ಸಾಗಿಸಿ, ಕೊಳವೆಗಳನ್ನು ಕಿಟಕಿಯ ಮೂಲಕ ಒಳಗೆ ಬಿಡಬೇಕಾಗಿತ್ತು. ಅದೇ ಇಂದು ಮಗುವೊಂದು ಎಳೆದಾಡುವಷ್ಟು ಹಗುರವಾಗಿದೆ. ಒಳಗಿನ ಮೋಟಾರು ಪಂಕವನ್ನು ವೇಗವಾಗಿ ತಿರುಗಿಸಿ ಗಾಳಿಯ ಒತ್ತಡವನ್ನು ತಗ್ಗಿಸುತ್ತದೆ. ಹೊರಗಿನ ಗಾಳಿ ಆ ತೆರವಿಗೆ ನುಗ್ಗುವಾಗ ಧೂಳನ್ನೂ ಹೊತ್ತು ತರುತ್ತದೆ. ಚೀಲವು ಧೂಳನ್ನು ಹಿಡಿದು ಗಾಳಿಯನ್ನು ಬಿಡುತ್ತದೆ. ಚೀಲ ತುಂಬಿದರೆ ಸೆಳೆತ ಕುಂದುತ್ತದೆ. ಪರೀಕ್ಷೆ ಬರೆದು ದಣಿದ ಮನಸ್ಸಿನ ಸ್ಥಿತಿಯೂ ಅದೇ. ತುಂಬಿದ್ದನ್ನು ಒಮ್ಮೆ ಬರಿದು ಮಾಡದೆ ಹೊಸದನ್ನು ಅದು ಸೆಳೆಯಲಾರದು.

ಆದರೆ ಯಂತ್ರಕ್ಕೆ ಧೂಳು ಯಾವುದು, ಓಲೆ ಯಾವುದು ತಿಳಿಯದು. ಎದುರಿಗೆ ಬಂದದ್ದನ್ನೆಲ್ಲ ನುಂಗುತ್ತದೆ. ದಾರಿಯಲ್ಲಿ ಹೊನ್ನು ಬಿದ್ದಿರಲಿ, ವಸ್ತ್ರ ಬಿದ್ದಿರಲಿ, ಕೈಯಿಂದ ಮುಟ್ಟೆನೆಂದು ವ್ರತ ಹಿಡಿದವರು ಸತ್ಯಕ್ಕ. ಗುಡಿಸುವವರ ಕಣ್ಣಿಗೆ ಪರರ ವಸ್ತು ದಿನವೂ ಬೀಳುವುದರಿಂದ ಆ ವ್ರತದ ಬೆಲೆ ದೊಡ್ಡದು. ಯಂತ್ರ ನೆಲವನ್ನು ಶುಚಿಗೊಳಿಸಬಲ್ಲುದು. ವಿವೇಕವು ಅದನ್ನು ಹಿಡಿದವರಲ್ಲಿಯೇ ಇರಬೇಕು.

ಹೊಸ ಯಂತ್ರವು ಮನೆಯ ಇನ್ನೊಂದು ಗುಟ್ಟನ್ನೂ ಹೊರಗೆಡಹುತ್ತದೆ. ಎಂದೂ ಪೊರಕೆ ಮುಟ್ಟದ ಗಂಡುಮಗ ವ್ಯಾಕ್ಯೂಮ್ ಕ್ಲೀನರ್ ನಡೆಸಲು ತಾನೇ ಮುಂದೆ ಬರುತ್ತಾನೆ. ನೆಲವೂ ಅದೇ, ಧೂಳೂ ಅದೇ; ಬದಲಾದದ್ದು ಕೈಯಲ್ಲಿರುವ ಸಲಕರಣೆಯೊಂದೇ. ಅಂದಮೇಲೆ ಇಷ್ಟು ಕಾಲ ಅವನನ್ನು ತಡೆದದ್ದು ಕೆಲಸದ ಕಷ್ಟವಲ್ಲ. ಪೊರಕೆ ಹೆಣ್ಣಿನದು, ಕೆಳಗಿನವರದು ಎಂಬ ಭಾವನೆ. ಬಸವಾದಿ ಶರಣರು ಗುಡಿಸಿ ಹಾಕಲು ಹೊರಟ ಕಸವೇ ಅದು. ಯಂತ್ರದ ಹೊಸತನ ತೀರಿದ ಮೇಲೆ, ಮೂರನೆಯ ವಾರದಲ್ಲಿಯೂ ಅದೇ ಮಗ ಆ ಕೆಲಸವನ್ನು ಮಾಡುತ್ತಿದ್ದರೆ ಅದು ಕಾಯಕ. ಅಷ್ಟರಲ್ಲಿ ಅದು ಮತ್ತೆ ಅಕ್ಕತಂಗಿಯರ ಪಾಲಿಗೆ ಬಂದಿದ್ದರೆ ಮೊದಲ ವಾರದ ಉತ್ಸಾಹ ಬರಿಯ ಆಟವಾಗಿತ್ತೆಂದೇ ತಿಳಿಯಬೇಕು.

ಸೂಜಿಯ ಮಾತೂ ಹೀಗೆಯೇ. ಮೊಳಕಾಲ್ಮುರಿನ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಚಳ್ಳಕೆರೆಯ ಕಂಬಳಿಗೆ ಉಣ್ಣೆಯ ಎಳೆಗಳಿಗೆ ಹುಣಸೆ ಬೀಜದ ಗಂಜಿ ಹಚ್ಚಿ ಗಟ್ಟಿ ಮಾಡಿ ನೇಯುತ್ತಾರೆ. ಎಳೆ ಹಿಡಿದು ಬದುಕಿದ ಇಂತಹ ಸೀಮೆಯ ಮಕ್ಕಳು ಸೂಜಿಯನ್ನು ಕೇವಲ ಹೆಣ್ಣುಮಕ್ಕಳ ಹವ್ಯಾಸವೆಂದು ತಿಳಿದರೆ ತಮ್ಮ ನೆಲವನ್ನೇ ಅರಿಯದಂತಾಯಿತು. ರಾಮಿತಂದೆಯವರು ಗಂಡಸಾಗಿಯೂ ಸೂಜಿಯನ್ನೇ ಕಾಯಕವಾಗಿ ಹಿಡಿದರು. ಕುಚ್ಚಿನ ಒಂದು ಗಂಟು ತಪ್ಪಿದರೆ ಇಡೀ ಸಾಲು ಸೊಟ್ಟಗಾಗುತ್ತದೆ. ಬಿಚ್ಚಿ ಮತ್ತೆ ಕಟ್ಟಬೇಕು. ಅಲ್ಲಿ ಅಂಕವಿಲ್ಲ, ಇನ್ನೊಬ್ಬರೊಡನೆ ಸ್ಪರ್ಧೆಯಿಲ್ಲ. ತಪ್ಪನ್ನು ತಾನೇ ಕಂಡು ತಾನೇ ತಿದ್ದುವ ಶಾಂತಿಯಿದೆ.

ಉಳಿದಿರುವುದು ದಾಸೋಹದ ಪ್ರಶ್ನೆ. ಯಂತ್ರದಿಂದ ದಿನಕ್ಕೆ ಒಂದು ಗಂಟೆ ಉಳಿದರೆ ಆ ಗಂಟೆ ಯಾರದು? ಅದು ಮೊದಲು ಸಲ್ಲಬೇಕಾದದ್ದು ಇಷ್ಟು ವರ್ಷ ಬೆನ್ನು ಬಾಗಿಸಿ ಗುಡಿಸಿದ ತಾಯಿಗೆ. ಓದುವುದಕ್ಕೋ, ಇಷ್ಟಲಿಂಗಪೂಜೆಗೋ, ಸುಮ್ಮನೆ ಕುಳಿತುಕೊಳ್ಳುವುದಕ್ಕೋ ಅವರು ಅದನ್ನು ಬಳಸಲಿ. ಮನೆಯವರು ಅದರಲ್ಲಿ ಮತ್ತೊಂದು ಕೆಲಸ ತುಂಬದಿರಲಿ. ಮನೆಗೆಲಸಕ್ಕೆ ಬರುವ ತಾಯಿಯೊಬ್ಬರಿದ್ದರೆ, ಯಂತ್ರ ಬಂದಿತೆಂದು ಅವರ ಸಂಬಳ ಕತ್ತರಿಸುವುದು ಶರಣಧರ್ಮವಲ್ಲ. ದುಡಿದವರಿಗೆ ದುಡಿದಷ್ಟು ಸಲ್ಲಬೇಕೆಂಬ ನಾಯಕನಹಟ್ಟಿಯ ಶ್ರೀ ತಿಪ್ಪೇರುದ್ರಸ್ವಾಮಿಗಳ ಬೋಧನೆಯನ್ನು ಈ ಸೀಮೆ ತಲೆಮಾರುಗಳಿಂದ ನೆನೆಯುತ್ತ ಬಂದಿದೆ. ಒಬ್ಬರ ಅನುಕೂಲ ಇನ್ನೊಬ್ಬರ ಅನ್ನವನ್ನು ಕಸಿಯುವುದಾದರೆ ಮನೆ ಹೊರಗೆ ಹೊಳೆದು ಒಳಗೆ ಮಾಸಿದಂತೆ.

ಕೆಲವು ವಾರಗಳಲ್ಲಿ ಫಲಿತಾಂಶ ಬರುತ್ತದೆ. ಕೆಲವರಿಗೆ ಹರ್ಷ, ಕೆಲವರಿಗೆ ಕಣ್ಣೀರು. ಅಂಕಪಟ್ಟಿಯೊಂದೇ ತನ್ನ ಬೆಲೆಯೆಂದು ನಂಬಿದ ಮಗು ಆ ದಿನ ಕುಸಿಯುತ್ತದೆ. ತನ್ನ ಕೈ ನೆಲವನ್ನು ಶುಚಿಗೊಳಿಸಬಲ್ಲುದು, ಹರಿದುದನ್ನು ಹೊಲಿಯಬಲ್ಲುದು, ಆ ಕೆಲಸಕ್ಕೆ ಮನೆಯಲ್ಲಿ ಗೌರವವಿದೆ ಎಂದು ಅರಿತ ಮಗುವಿಗೆ ನಿಲ್ಲಲು ಒಂದು ನೆಲೆಯಿರುತ್ತದೆ. ಆದುದರಿಂದ ತಂದೆತಾಯಿಗಳು ಫಲಿತಾಂಶಕ್ಕೆ ಕಾಯದೆ ಇಂದೇ ಮಕ್ಕಳ ಕೈಗೆಲಸವನ್ನು ಹತ್ತಿರ ಕುಳಿತು ನೋಡಲಿ, ಚೆನ್ನಾಗಿದೆಯೆಂದು ಬಾಯಿತುಂಬ ಹೇಳಲಿ. ಆ ಒಂದು ಮಾತಿಗೆ ಯಾವ ಅಂಕವೂ ಸಾಟಿಯಾಗದು.