ತುಪ್ಪಟಕ್ಕೆ ಬಣ್ಣ: ಎಳೆಯ ಬಲವನ್ನೂ ನೋಡಿ

ಬಯಲುಸೀಮೆಯ ಕರಿ ತುಪ್ಪಟಕ್ಕೆ ಬಣ್ಣ ಬೇಡ. ನೂತು, ನೇಯ್ದು, ಹುಣಸೆಬೀಜದ ಗಂಜಿ ಕೊಟ್ಟರೆ ಕಂಬಳಿ ಆಯ್ತು. ತೊಂದರೆ ಇರೋದು ಬಿಳಿ, ಮಾಸಲು ತುಪ್ಪಟದ್ದು. ಕೊಳ್ಳುವವರಿಲ್ಲ. ಕತ್ತರಿಸಿದವರಿಗೆ ಕೂಲಿ ಕೊಟ್ಟು, ತುಪ್ಪಟವನ್ನು ಬೇಲಿ ಬದಿಗೆ ಎಸೆಯುತ್ತಿದ್ದೇವೆ. ‘ಕಿಣ್ವ ಹಾಕಿ ಬಣ್ಣ ಅದ್ದಿ, ಚೀಲ, ಆಸನ ಮಾಡಿ ಮಾರಿ’ ಎನ್ನುವವರು ಈಗ ಬರುತ್ತಿದ್ದಾರೆ. ಮಾತು ಸುಳ್ಳಲ್ಲ, ಆದರೆ ಅರ್ಧ.

ಹತ್ತಿ ಗಿಡದ ನಾರು. ಉಣ್ಣೆ, ರೇಷ್ಮೆ ಎರಡೂ ಪ್ರೋಟೀನು. ಉಣ್ಣೆಯ ಎಳೆ ಮೇಲೆ ಮೀನಿನ ಹುರುಪೆಯಂಥ ಪದರ, ಅದರ ಮೇಲೆ ಕೊಬ್ಬಿನ ತೆಳು ಪೊರೆ. ನೀರನ್ನೇ ಬೇಗ ಒಳಗೆ ಬಿಡದ್ದು ಬಣ್ಣ ಬಿಟ್ಟೀತೆ? ಅದಕ್ಕೇ ಬಣ್ಣಗಾರರು ಉಣ್ಣೆಯನ್ನು ಕುದಿಯುವಷ್ಟು ಬಿಸಿಯಲ್ಲಿ ಬಹಳ ಹೊತ್ತು ಇಡೋದು.

ಮಾಂಸ ಬೇಗ ಬೇಯಲಿ ಅಂತ ಪರಂಗಿಕಾಯಿ ಹಾಕ್ತೀವಲ್ಲ, ಅದರ ಹಾಲಿನಲ್ಲಿರುವ ಪಪೇನ್ ಪ್ರೋಟೀನು ತುಂಡರಿಸುವ ಕಿಣ್ವ. ಇದೇ ಜಾತಿಯ ಕಿಣ್ವ ಉಣ್ಣೆಯ ಮೇಲ್ಪದರವನ್ನು ಸಡಿಲ ಮಾಡುತ್ತದೆ. ಆಮೇಲೆ ಬಣ್ಣ ಬೇಗ ಹತ್ತುತ್ತದೆ, ಕಡಿಮೆ ಬಿಸಿ ಸಾಕು, ಸೌದೆಯೂ ಉಳಿದೀತು.

ಇನ್ನರ್ಧ ಹೀಗಿದೆ. ರೇಷ್ಮೆಯಲ್ಲಿ ಎಳೆಯ ಸುತ್ತ ಸೆರಿಸಿನ್ ಎಂಬ ಅಂಟು ಇರುತ್ತದೆ, ತೂಕದಲ್ಲಿ ಸುಮಾರು ಕಾಲು ಭಾಗ. ಬಣ್ಣ ಹಾಕುವ ಮುಂಚೆ ಅದನ್ನು ಸೋಪು, ಸೋಡಾದಲ್ಲಿ ಕುದಿಸಿ ತೆಗೀತಾರೆ, ಕಿಣ್ವದಿಂದಲೂ ತೆಗೀತಾರೆ. ಅಲ್ಲಿ ಕಿಣ್ವ ಮುಖ್ಯವಾಗಿ ತಿನ್ನೋದು ಬೇಡವಾದ ಅಂಟನ್ನು. ಉಣ್ಣೆಯಲ್ಲಿ ಹುರುಪೆಯೂ ಪ್ರೋಟೀನು, ತಿರುಳೂ ಪ್ರೋಟೀನು. ಹೊತ್ತು ಮೀರಿದರೆ ಕಿಣ್ವ ಸಂದಿಯಲ್ಲಿ ಇಳಿದು ತಿರುಳನ್ನೇ ತಿನ್ನುತ್ತದೆ. ಬಣ್ಣ ಗಾಢವಾಗಿ ಕಾಣುತ್ತದೆ, ಎಳೆ ಮಾತ್ರ ಲಡ್ಡು. ನಮ್ಮ ಒರಟು ಉಣ್ಣೆ ಇದರಿಂದ ಮೆರಿನೊ ಆಗೋದೂ ಇಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಕುರಿ ಸಂಘದವರು ಸಾಲ ಮಾಡಿ ಕಿಣ್ವದ ಡಬ್ಬಿ, ತೊಟ್ಟಿ ತರುವ ಮುಂಚೆ, ಹೇಳಲು ಬಂದವರಿಂದಲೇ ನಮ್ಮ ಒಂದು ಕಿಲೋ ತುಪ್ಪಟದಲ್ಲಿ ಮಾಡಿ ತೋರಿಸಿಕೊಳ್ಳಲಿ. ಚೆನ್ನಾಗಿ ತೊಳೆದು ಎರಡು ಪಾಲು ಮಾಡಿ, ಒಂದಕ್ಕೆ ಮಾತ್ರ ಕಿಣ್ವ ಕೊಡಿಸಿ. ಬಿಸಿ ಎಷ್ಟು, ಹೊತ್ತು ಎಷ್ಟು, ಕಿಣ್ವ ಎಷ್ಟು ಅಂತ ಬರೆದಿಡಿ. ಎರಡನ್ನೂ ಒಂದೇ ಬಣ್ಣದಲ್ಲಿ ಅದ್ದಿಸಿ, ನಾಲ್ಕಾರು ಸಲ ಒಗೆದು ನೋಡಿ. ನೂಲುವ ಹೆಂಗಸರ ಕೈಗೂ ಕೊಡಿ, ಎಳೆ ಹರಿಯುತ್ತೋ ಇಲ್ಲವೋ ಅವರು ಹೇಳ್ತಾರೆ. ಕೊಳ್ಳುವವರು ಯಾರು, ಕಿಲೋಗೆ ಎಷ್ಟು ಅನ್ನೋದನ್ನೂ ಅಲ್ಲೇ ಕೇಳಿ.

ಮನೆಯವರಿಗೂ ಒಂದು ಮಾತು: ಕಿಣ್ವ ಸೇರಿಸಿದ ಬಟ್ಟೆ ಪುಡಿಯಲ್ಲಿ ಕಂಬಳಿ, ರೇಷ್ಮೆ ಸೀರೆ ನೆನೆಹಾಕಬೇಡಿ. ಅದು ಕೊಳೆ ಯಾವುದು, ಎಳೆ ಯಾವುದು ಅಂತ ನೋಡೋದಿಲ್ಲ.