ಮೊಸಳೆಗೆ ಬ್ರೆಡ್ ಹಾಕಬಾರದೇಕೆ?

ಮಗನ ಸಂಸಾರದೊಂದಿಗೆ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿರುವ ಸ್ಟೀಫನ್ ಸಿ. ಫಾಸ್ಟರ್ ಸ್ಟೇಟ್ ಪಾರ್ಕಿನಲ್ಲಿ ಎರಡು ರಾತ್ರಿ ತಂಗಿದ್ದೆ. ವಾಸ ಬಾಡಿಗೆಗೆ ತಂದ ಆರ್.ವಿ.ಯಲ್ಲಿ. ಒಲೆ, ಹಾಸಿಗೆ, ಶೌಚಾಲಯ ಎಲ್ಲವೂ ಇರುವ ಮನೆಯಂಥ ವಾಹನವದು. ಗೊತ್ತುಪಡಿಸಿದ ಜಾಗದಲ್ಲಿ ನಿಲ್ಲಿಸಿ, ಅಲ್ಲಿನ ನಲ್ಲಿಗೆ ಪೈಪು ಸಿಕ್ಕಿಸಿ, ವಿದ್ಯುತ್ ಸಂಪರ್ಕ ಕೊಟ್ಟರೆ ಸಂಸಾರ ಹೂಡಿದಂತೆಯೇ!

ಈ ಪಾರ್ಕು ಓಕೆಫೆನೋಕಿ ಎಂಬ ವಿಶಾಲವಾದ ಜೌಗುಪ್ರದೇಶದ ಪಶ್ಚಿಮ ಭಾಗದಲ್ಲಿದೆ. ಆ ಹೆಸರಿಗೆ 'ನಡುಗುವ ನೆಲ' ಎಂದು ಅರ್ಥ ಹೇಳುತ್ತಾರೆ. ಸಾವಿರಾರು ವರ್ಷಗಳಿಂದ ಅರೆಕೊಳೆತ ಸಸ್ಯರಾಶಿ ಕೆಲವೆಡೆ 15 ಅಡಿಯಷ್ಟು ದಪ್ಪಕ್ಕೆ ಕೂತಿದೆ. ಅದರ ಮೇಲೆ ಕಾಲಿಟ್ಟರೆ ಅಕ್ಕಪಕ್ಕದ ಗಿಡಗಳೂ ಅಲುಗುತ್ತವೆ. ಎಲೆ, ತೊಗಟೆಗಳ ಟ್ಯಾನಿನ್ ಇಳಿದು ನೀರು ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದೆ. ಸಾರವಿಲ್ಲದ ಈ ಜಾಗದಲ್ಲಿ ಹೂಜಿಗಿಡ, ಡ್ರಾಸೆರಾಗಳು ಕೀಟ ಹಿಡಿದು ಬದುಕುತ್ತವೆ. ಪಾಠದಲ್ಲಿ ಓದಿದ್ದನ್ನು ಕಣ್ಣಾರೆ ನೋಡಬಹುದು.

ಮರುದಿನ ಬೆಳಿಗ್ಗೆ ದೋಣಿಕಟ್ಟೆಯ ಬಳಿ ಅಲಿಗೇಟರ್ ಜಾತಿಯ ಮೊಸಳೆಯೊಂದು ತೇಲುತ್ತಿತ್ತು. "ಅಜ್ಜಾ, ಪಾಪ, ಅದಕ್ಕೆ ಹಸಿವಾಗಿರಬೇಕು" ಎಂದ ಎಂಟು ವರ್ಷದ ಮೊಮ್ಮಗ. ನಾನೇ ಬ್ರೆಡ್ ಮುರಿದು ಅವನ ಕೈಗಿತ್ತೆ. ಅವನು ಕೈ ಎತ್ತುವಷ್ಟರಲ್ಲಿ ಪಾರ್ಕಿನ ಸಿಬ್ಬಂದಿಯೊಬ್ಬರು ಓಡಿಬಂದು ತಡೆದರು.

ಅವರು ಗದರಲಿಲ್ಲ, ತಿಳಿಸಿ ಹೇಳಿದರು. ಮನುಷ್ಯರಿಂದ ತಿನಿಸು ಪಡೆದ ಮೊಸಳೆ ಅವರ ಭಯ ಮರೆಯುತ್ತದೆ. ಮುಂದೆ ದಡದಲ್ಲಿ ಯಾರನ್ನು ಕಂಡರೂ ತಿನಿಸಿಗಾಗಿ ಹತ್ತಿರ ಬರುತ್ತದೆ. ಆಗ ಅಪಾಯಕಾರಿಯೆಂದು ಅದನ್ನೇ ಕೊಲ್ಲಬೇಕಾಗಬಹುದು. ಜಾರ್ಜಿಯಾದಲ್ಲಿ ಅದಕ್ಕೆ ತಿನಿಸು ಹಾಕುವುದು ಕಾನೂನಿಗೆ ವಿರುದ್ಧ. ಅಷ್ಟೇ ಅಲ್ಲ, ಬರಗಾಲದಲ್ಲಿ ಮೊಸಳೆ ತೋಡಿದ ಗುಂಡಿಗಳಲ್ಲಿಯೇ ನೀರು ಉಳಿದು ಮೀನು, ಆಮೆ, ಹಕ್ಕಿಗಳು ಜೀವ ಹಿಡಿಯುತ್ತವಂತೆ. ಇತರ ಜೀವಿಗಳಿಗೆ ಆಸರೆಯಾಗುವ ಪ್ರಾಣಿಗೆ ನಮ್ಮ ಬ್ರೆಡ್ ಏಕೆ ಬೇಕು?

ಮೊಮ್ಮಗ ಬ್ರೆಡ್ಡನ್ನು ಚೀಲಕ್ಕೆ ಹಾಕಿದ. ತಲೆ ತಗ್ಗಿಸಿದವನು ನಾನು. ಬಂಡೀಪುರದ ರಸ್ತೆಯಲ್ಲಿ ಫಲಕಗಳಿದ್ದರೂ ಕೋತಿಗಳಿಗೆ ಬಾಳೆಹಣ್ಣು ಎಸೆದು ಮಕ್ಕಳನ್ನು ನಗಿಸಿದವನೂ ನಾನೇ ಅಲ್ಲವೇ?

ಈ ಪಾರ್ಕಿಗೆ 2016ರಲ್ಲಿ ಅಂತರರಾಷ್ಟ್ರೀಯ 'ಕತ್ತಲೆ ಆಕಾಶ'ದ ಮನ್ನಣೆ ಸಿಕ್ಕಿದೆ. ಅಂದು ರಾತ್ರಿ ದೀಪ ಆರಿಸಿ ಕೂತೆವು. ಮೇಲೆ ತುಂಬಿದ ನಕ್ಷತ್ರ, ಸುತ್ತ ಕಪ್ಪೆಗಳ ವಟಗುಟ್ಟುವಿಕೆ. "ಮೊಸಳೆ ಊಟ ಮಾಡಿರುತ್ತಾ ಅಜ್ಜಾ?" ಎಂದ ಮೊಮ್ಮಗ. "ಅದರ ಊಟ ಅದಕ್ಕೆ ಗೊತ್ತು ಮಗೂ" ಎಂದೆ.

ರಜೆಯಲ್ಲಿ ಕಾಡಿಗೆ ಹೊರಡುವ ತಂದೆ-ತಾಯಿಯರೇ, ತಿಂಡಿಯ ಪೊಟ್ಟಣ ಬಿಚ್ಚುವಾಗ ನೆನಪಿರಲಿ: ಮಕ್ಕಳು ನಮ್ಮ ಕೈಯನ್ನೇ ನೋಡುತ್ತಿರುತ್ತಾರೆ.