ಐಸ್‌ಲ್ಯಾಂಡಿನದಾದ್ರೆ ಸ್ನ್ಯಾಕ್, ಚನ್ನಪಟ್ಟಣದ್ದಾದ್ರೆ ನಾತ

ಹೋದ ತಿಂಗಳು ನಮ್ಮ ಟೀಮಿನವನೊಬ್ಬ ಐಸ್‌ಲ್ಯಾಂಡ್ ಟ್ರಿಪ್ ಮುಗಿಸಿ ಬಂದ. ಬ್ಯಾಗಿನಿಂದ ಒಂದು ಪ್ಯಾಕೆಟ್ ತೆಗೆದು ಪ್ಯಾಂಟ್ರಿ ಟೇಬಲ್ ಮೇಲಿಟ್ಟ. ಹಾರ್ದ್‌ಫಿಸ್ಕುರ್ ಅಂತೆ. ಅಂದ್ರೆ ಗಟ್ಟಿ ಮೀನು. ಕಾಡ್, ಹ್ಯಾಡಕ್ ಮೀನನ್ನು ಸೀಳಿ, ಗಾಳಿಯಾಡುವ ಮರದ ಗೂಡಿನಲ್ಲಿ ನೇತುಹಾಕಿ, ಚಳಿಗಾಳಿಗೆ ವಾರಗಟ್ಟಲೆ ಒಣಗಿಸಿ, ಆಮೇಲೆ ಬಡಿದು ಮೆತ್ತಗೆ ಮಾಡಿದ್ದು. ಬೆಣ್ಣೆ ಸವರಿಕೊಂಡು ತಿನ್ನಬೇಕು. ಇವನು ಬೆಣ್ಣೆ ಸಾಲದು ಅಂತ ಕ್ರೀಮ್ ಡಿಪ್ಪನ್ನೂ ಮಾಡಿಕೊಂಡು ಬಂದಿದ್ದ. ಎಲ್ಲರೂ ಮುಗಿಬಿದ್ರು. ‘ಹತ್ತಿರ ಹತ್ತಿರ 80 ಪರ್ಸೆಂಟ್ ಪ್ರೋಟೀನ್ ಮಚ್ಚಾ!’

ನಾನೂ ಬಾಯಿಗೆ ಹಾಕ್ಕೊಂಡೆ. ಕರಿಮೀನು! (ಕೇರಳದ ಕರಿಮೀನ್ ಅಲ್ಲ, ನಮ್ಮ ಕಡೆ ಒಣಮೀನಿಗೇ ಆ ಹೆಸರು.) ಅವ್ವ ಸಂತೆಯಿಂದ ತಂದು, ಕೆಂಡದ ಮೇಲೆ ಸುಟ್ಟು, ಮುದ್ದೆ ತಟ್ಟೆಯ ಅಂಚಿಗೆ ಇಡ್ತಿದ್ದ ಅದೇ ಕರಿಮೀನಿನ ನೆಂಟ. ಉಪ್ಪು ಮಾತ್ರ ಕಡಿಮೆ. ಆ ಚಳಿಯಲ್ಲಿ ಉಪ್ಪಿಲ್ಲದೆಯೂ ಮೀನು ಕೆಡಲ್ಲ, ನಮ್ಮ ಕರಾವಳಿಯ ಸೆಕೆಗೆ ಉಪ್ಪು ಬೇಕೇ ಬೇಕು.

ಇದೇ ಪ್ಯಾಂಟ್ರಿಯ ಮೈಕ್ರೋವೇವ್ ಮೇಲೆ ಒಂದು ಚೀಟಿ ಅಂಟಿಸಿದೆ: ‘ದಯವಿಟ್ಟು ವಾಸನೆ ಬರುವ ಆಹಾರ ಬಿಸಿ ಮಾಡಬೇಡಿ.’ ಅವತ್ತು ಅದರ ಕಡೆ ಯಾರೂ ನೋಡಲಿಲ್ಲ.

ಸಮುದ್ರದ ಮೀನಿನ ಆ ಗಾಟಿಗೆ ಮುಖ್ಯ ಕಾರಣ ಟ್ರೈಮೀಥೈಲಮೀನ್ ಅನ್ನೋ ರಾಸಾಯನಿಕ. ಕಾಡ್ ಮೀನಿನಲ್ಲೂ ಅದೇ, ಮಲ್ಪೆಯ ಮೀನಿನಲ್ಲೂ ಅದೇ. ಅದಕ್ಕೆ ಪಾಸ್‌ಪೋರ್ಟ್ ಇಲ್ಲ. ಪಾಸ್‌ಪೋರ್ಟ್ ನೋಡೋದು ನಮ್ಮ ಮೂಗು.

ಬೇರೆಯವರ ಮೂಗನ್ನು ಬೈಯೋಕೆ ಮುಂಚೆ ನನ್ನದನ್ನೂ ಹೇಳಿಬಿಡ್ತೀನಿ. ಬೆಂಗಳೂರಲ್ಲಿ ಮನೆ ಹುಡುಕುವಾಗ ಓನರ್ ‘ನಾನ್‌ವೆಜ್ ಮಾಡ್ತೀರಾ?’ ಅಂದ್ರು. ‘ಮೊಟ್ಟೆ ಅಷ್ಟೇ ಸಾರ್’ ಅಂದೆ. ಮೊದಲ ಸಲ ಅವ್ವ ಚನ್ನಪಟ್ಟಣದಿಂದ ಟ್ರೈನ್ ಹತ್ತಿ ಬಂದಾಗ ಪೇಪರಲ್ಲಿ ಸುತ್ತಿ, ಮೂರು ಕವರ್ ಹಾಕಿ ಗಂಟು ಕಟ್ಟಿದ ಕರಿಮೀನು ತಂದಿದ್ಲು. ಬಿಚ್ಚೋಕೂ ಬಿಡದೆ ಕೆಳಗೆ ತಗೊಂಡು ಹೋಗಿ ವಾಚ್‌ಮನ್‌ಗೆ ಕೊಟ್ಟುಬಿಟ್ಟೆ. ಅವ್ವ ಏನೂ ಅನ್ನಲಿಲ್ಲ. ಆಮೇಲೆ ಬಂದಾಗಲೆಲ್ಲ ಕೋಡುಬಳೆ ತರ್ತಾಳೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯಿಂದ ಬಂದು ಇಲ್ಲಿ ಲ್ಯಾಪ್‌ಟಾಪ್ ಕುಟ್ಟುವ ಎಷ್ಟೋ ಜನರ ಕಥೆ ಇದೇ. ನಮ್ಮೂರಿಗೆ ಸಮುದ್ರ ಇಲ್ಲ. ಕಣ್ವ, ಮಂಚನಬೆಲೆ ಜಲಾಶಯದ ಮೀನು ಒಂದು ಕಡೆ, ಕರಾವಳಿಯಿಂದ ಘಟ್ಟ ಹತ್ತಿ ಬರುವ ಒಣಮೀನು ಇನ್ನೊಂದು ಕಡೆ. ಫ್ರಿಡ್ಜ್ ಇಲ್ಲದ ಮನೆಯಲ್ಲಿ, ಕುರಿ ಕೋಳಿ ತರೋಕೆ ಕಾಸಿಲ್ಲದ ವಾರದಲ್ಲಿ, ಬದನೆಕಾಯಿ ಜೊತೆ ನಾಲ್ಕು ತುಂಡು ಬಿದ್ರೆ ಇಡೀ ಮನೆಗೆ ಸಾರು. ಬಡವರ ಊಟ ಅನ್ನೋ ಹಣೆಪಟ್ಟಿ ಬಿದ್ದಿದ್ದು ಹಾಗೆ. ಜಾತಿ ವಾಸನೆಯೂ ಸೇರಿಕೊಂಡಿದೆ, ಗೊತ್ತಿಲ್ಲದವರ ಥರ ನಟಿಸೋದು ಬೇಡ.

ಐಸ್‌ಲ್ಯಾಂಡಿನವರಿಗೂ ಅದು ಬಡತನದ ಊಟವೇ ಆಗಿತ್ತು. ಧಾನ್ಯ ಸರಿಯಾಗಿ ಬೆಳೆಯದ ನಾಡಲ್ಲಿ ಬೆಣ್ಣೆ ಸವರಿದ ಒಣಮೀನು ರೊಟ್ಟಿಯ ಜಾಗದಲ್ಲಿತ್ತು. ಅವರು ಅದನ್ನು ಬಚ್ಚಿಡಲಿಲ್ಲ. 1903ರವರೆಗೆ ಅವರ ಲಾಂಛನದಲ್ಲಿದ್ದದ್ದು ಕಿರೀಟ ಹೊತ್ತ ಒಣ ಕಾಡ್ ಮೀನು! ನಾವು ಮೂರು ಕವರ್ ಹಾಕಿ ಗಂಟು ಕಟ್ತೀವಿ.

‘ವಾಸನೆ ನಿಜ ತಾನೇ?’ ಅಂತೀರಿ. ನಿಜ. ಕಿಟಕಿ ತೆಗೀರಿ, ಚಿಮಣಿ ಹಾಕಿ, ಪಕ್ಕದ ಮನೆಗೆ ಮಗು ಮಲಗಿದೆಯಾ ಕೇಳಿ. ಇದು ಸೌಜನ್ಯ, ಒಪ್ಪಿದೆ. ಬಾಡಿಗೆ ಅಗ್ರಿಮೆಂಟಿನಲ್ಲಿ ಊಟ ಬರೆಯೋದು ಬೇರೆ. ‘ಮರಳಿನ ಮೇಲೆ ಒಣಗಿಸ್ತಾರೆ, ಗಲೀಜು’ ಅನ್ನೋದೂ ಹಲವು ಕಡೆ ನಿಜವೇ. ಆದರೆ ಕೊಳ್ಳುವವರು ಮೂಗು ಮುಚ್ಚಿಕೊಂಡು ಕದ್ದು ಕೊಳ್ಳುವ ಪದಾರ್ಥಕ್ಕೆ ಶುಚಿಯಾದ ಅಟ್ಟಣಿಗೆ, ಒಳ್ಳೆ ಪ್ಯಾಕಿಂಗು ಯಾರು ಮಾಡ್ತಾರೆ ಗುರು? ದುಡ್ಡಿರುವ ನಾವು ನಾಚಿಕೆಯಿಲ್ಲದೆ ಕೇಳಿದರೆ ತಾನೇ ಅದು ಟಾರ್ಪಾಲಿನಿಂದ ಮೇಲೇಳೋದು?

ಅದಕ್ಕೇ ಹೋದ ಭಾನುವಾರ ಮಾಡಿಯೇಬಿಟ್ಟೆ. ಅಗಲವಾಗಿ ಸೀಳಿದ ಬಿಳಿ ಮಾಂಸದ ಒಣಮೀನು ತಗೊಳ್ಳಿ. ಬಿಸಿನೀರಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಎರಡು ಸಲ ನೀರು ಬದಲಿಸಿ, ಇಲ್ಲದಿದ್ರೆ ಉಪ್ಪು ತಲೆಗೇರುತ್ತೆ. ಬಟ್ಟೆಯಲ್ಲಿ ಒರೆಸಿ, ಸಣ್ಣ ಉರಿಯಲ್ಲಿ ಕಾವಲಿ ಮೇಲೆ ಅಂಚು ಕಂದುವವರೆಗೆ ಚೆನ್ನಾಗಿ ಸುಟ್ಟು, ಮುಳ್ಳು ತೆಗೆದು ಎಳೆ ಎಳೆಯಾಗಿ ಹರೀರಿ. ಡಿಪ್ಪಿಗೆ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರು, ಒಂದು ಉಂಡೆ ಬೆಣ್ಣೆ, ಜಜ್ಜಿದ ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ನಿಂಬೆರಸ. ಉಪ್ಪು ಹಾಕಲೇಬೇಡಿ. ಮೀನಿಗೆ ಮೊಸರು ಸೇರಿದ್ರೆ ತೊನ್ನು ಬರುತ್ತೆ ಅಂತ ನಮ್ಮಜ್ಜಿ ಹೆದರಿಸ್ತಿದ್ಲು. ವೈದ್ಯವಿಜ್ಞಾನದಲ್ಲಿ ಅದಕ್ಕೆ ಆಧಾರವಿಲ್ಲ. ಅಜ್ಜಿ ಮಾತು ಮೀರೋಕೆ ಮನಸ್ಸು ಬರದಿದ್ರೆ ಬರೀ ಬೆಣ್ಣೆ ಸಾಕು, ರಾಗಿರೊಟ್ಟಿ ಜೊತೆಗಂತೂ ಅದೇ ವಾಸಿ.

ಸೋಮವಾರ ಡಬ್ಬಿಯಲ್ಲಿ ಹಾಕ್ಕೊಂಡು ಆಫೀಸಿಗೆ ಹೋದೆ. ಮೈಕ್ರೋವೇವ್‌ಗೆ ಇಡಲಿಲ್ಲ, ತಣ್ಣಗೇ ತಿಂದ್ವಿ. ‘ಯಾವ ದೇಶದ್ದು?’ ಅಂದ್ಲೊಬ್ಬಳು. ಚನ್ನಪಟ್ಟಣ ಅಂದೆ. ಕೈ ಅರ್ಧ ನಿಮಿಷ ಡಬ್ಬಿ ಮೇಲೆ ನಿಂತಿತ್ತು, ಆಮೇಲೆ ಇನ್ನೊಂದು ಎಳೆ ತಗೊಂಡ್ಲು.

ಓನರ್‌ಗೆ ಇನ್ನೂ ಹೇಳಿಲ್ಲ. ಅಗ್ರಿಮೆಂಟ್ ರಿನ್ಯೂವಲ್ ಮಾರ್ಚಿಗಿದೆ, ಆವಾಗ ಹೇಳ್ತೀನಿ. ಅವ್ವನಿಗೆ ಮಾತ್ರ ನಿನ್ನೆ ರಾತ್ರಿ ಫೋನ್ ಮಾಡಿ, ಬರುವಾಗ ಕರಿಮೀನು ತಾ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ವಾಚ್‌ಮನ್‌ಗಾ?’ ಅಂದ್ಲು.